ಬಿಸಿಆರ್-ಎಬಿಎಲ್ ಟೆಸ್ಟ್‌ಗೆ ನಾವು ರಕ್ತ ಕೊಟ್ಟ ಲ್ಯಾಬ್: 5ಕ್ಕೆ 3 ಸ್ಟಾರ್

ಅಪ್ಪನಿಗೆ ಸಿಎಂಎಲ್, ಅಂದರೆ ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ನಾಲ್ಕು ವರ್ಷದಿಂದ ದಿನಾ ಇಮಾಟಿನಿಬ್ ಮಾತ್ರೆ, 400 ಎಂಜಿ. ಬಿಸಿಆರ್-ಎಬಿಎಲ್ ಅಂದರೆ ಈ ಕ್ಯಾನ್ಸರ್ ತರುವ ಜೀನ್; ಕಾಯಿಲೆ ಎಷ್ಟು ಉಳಿದಿದೆ ಅಂತ ಹೇಳುವ ಅದರ ಮಟ್ಟ ಶೇ 0.08ಕ್ಕೆ ಇಳಿದಿತ್ತು. ಈ ಸಲ ಶೇ 1.4!

ಡಾಕ್ಟರು ಮೊದಲು ಕೇಳಿದ್ದು, 'ಮಾತ್ರೆ ತಪ್ಪಿಸಿದ್ರಾ?' ಅಮ್ಮ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಮೇಜಿನ ಮೇಲೆ ಸುರಿದರು. ಒಂದೂ ತಪ್ಪಿರಲಿಲ್ಲ. ಹಾಗಾಗಿ ಆ ಜೀನ್‌ನಲ್ಲೇ ಏನಾದರೂ ಬದಲಾಗಿದೆಯಾ ಅಂತ ನೋಡಲು ಮ್ಯುಟೇಷನ್ ಟೆಸ್ಟ್ ಬರೆದರು.

ನಮ್ಮೂರಿನ ಲ್ಯಾಬ್‌ನವರು ಶನಿವಾರ ಸಂಜೆ ರಕ್ತ ತೆಗೆದು, ನೇರಳೆ ಮುಚ್ಚಳದ ಟ್ಯೂಬನ್ನು ಸೋಮವಾರದವರೆಗೂ ಅಲ್ಲೇ ಇಟ್ಟುಕೊಂಡರು. ಈ ಟೆಸ್ಟ್‌ಗೆ ಬೇಕಾದ ಆರ್‌ಎನ್‌ಎ ಬೇಗ ಕೆಡುತ್ತೆ. 'ಸ್ಯಾಂಪಲ್ ಸರಿಯಿಲ್ಲ' ಅಂತ ವಾಪಸ್. ಮತ್ತೆ ಸೂಜಿ. ಇದಕ್ಕೇ ಎರಡು ಸ್ಟಾರ್ ಕಡಿತ. ರಕ್ತ ತೆಗೆದ ಹುಡುಗಿ ಮಾತ್ರ ಬಂಗಾರ, ಅಪ್ಪನಿಗೆ ಚುಚ್ಚಿದ್ದೇ ಗೊತ್ತಾಗಲಿಲ್ಲ.

ಎರಡನೇ ಸಲ ವೈ253ಎಚ್ ಅನ್ನೋ ಮ್ಯುಟೇಷನ್ ಇದೆ ಅಂತ ರಿಪೋರ್ಟ್ ಬಂತು. ಮಾತ್ರೆ ಹೋಗಿ ಕೂರಬೇಕಾದ ಜಾಗದ ಆಕಾರವೇ ಬದಲಾಗಿದೆಯಂತೆ. ಬೀಗ ಬದಲಾದ ಮೇಲೆ ಹಳೇ ಕೀ ಹೇಗೆ ಹೊಂದುತ್ತೆ, ಅಲ್ವಾ? ಇದು ನಿಲೋಟಿನಿಬ್ ಅನ್ನೋ ಇನ್ನೊಂದು ಮಾತ್ರೆಗೂ ಅಷ್ಟಾಗಿ ಬಗ್ಗಲ್ಲ, ಅದಕ್ಕೇ ಬೇರೆ ಮಾತ್ರೆ ಡಸಾಟಿನಿಬ್ 100 ಎಂಜಿ ಕೊಟ್ಟರು. ಟಿ315ಐ ಅನ್ನೋ ಮ್ಯುಟೇಷನ್ ಆಗಿದ್ದರೆ ಇದೂ ಕೆಲಸ ಮಾಡುತ್ತಿರಲಿಲ್ಲ, ಪೊನಾಟಿನಿಬ್ ಥರದ ಮಾತ್ರೆಯೇ ಬೇಕಾಗುತ್ತಿತ್ತು. ಸುಮ್ನೆ ಡೋಸ್ ಜಾಸ್ತಿ ಮಾಡಿ ಕಾಯದೇ ಇದ್ದದ್ದು ಒಳ್ಳೇದಾಯಿತು.

ನೀವೂ ಇಲ್ಲಿ ಕೊಡುವುದಾದರೆ ವಾರದ ಮೊದಲ ದಿನಗಳಲ್ಲಿ, ಬೆಳಿಗ್ಗೆಯೇ ಹೋಗಿ. ಕೊರಿಯರ್ ಎಷ್ಟು ಗಂಟೆಗೆ ಹೊರಡುತ್ತೆ ಅಂತ ಕೇಳಿಯೇ ಕೈ ಚಾಚಿ.