ಎಂಜಿನ್ ಡೀಟೇಲಿಂಗ್ ಅಂತ ಮನೆಗೆ ಬಂದರು, ಪ್ಲಗ್ ಗುಂಡಿಗೆ ನೀರು ತುಂಬಿಸಿ ಹೋದರು

ಮನೆ ಬಾಗಿಲಿಗೇ ಬಂದು ಎಂಜಿನ್ ಬೇ ಡೀಟೇಲಿಂಗ್, ಅಂದರೆ ಕಾರಿನ ಬಾನೆಟ್ ಒಳಗೆಲ್ಲ ಶುಚಿ ಮಾಡಿ ಹೊಳಪು ಕೊಡುವ ಕೆಲಸ, ಮಾಡಿಕೊಡುತ್ತೇವೆ ಅನ್ನುವವರನ್ನು ಕರೆಸುವ ಯೋಚನೆ ಇದ್ದರೆ ಮೊದಲು ಇದನ್ನು ಓದಿ. ಪೂರ್ತಿ ಓದಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಎರಡು ಸಲ ಹೇಳಿದರೂ ಹೇಳಬಹುದು.

ಫೋನಿನಲ್ಲಿ ಅವರು ಕೊಟ್ಟ ಮಾತು ಏನು ಗೊತ್ತಾ? ಜಿಡ್ಡು ಬಿಡಿಸುವ ಡಿಗ್ರೀಸರ್ ಹಾಕಿ ಬ್ರಷ್‌ನಲ್ಲಿ ಉಜ್ಜುತ್ತೇವೆ, ಸ್ಟೀಮ್ ಹಿಡಿಯುತ್ತೇವೆ, ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇವೆ, ಕೊನೆಗೆ ಪ್ಲಾಸ್ಟಿಕ್ಕಿಗೆ, ರಬ್ಬರಿಗೆ ಹೊಳಪು ಕೊಡುವ ಡ್ರೆಸ್ಸಿಂಗ್ ಹಚ್ಚುತ್ತೇವೆ. "ಒಂದು ತೊಟ್ಟು ನೀರೂ ಎಲೆಕ್ಟ್ರಿಕಲ್ ಕಡೆ ಹೋಗಲ್ಲ ಮೇಡಂ." ಇದು ಅವರದೇ ಮಾತು. ಬಂದವರ ಹತ್ತಿರ ಇದ್ದದ್ದು ಒಂದು ಪ್ರೆಶರ್ ವಾಶರ್, ಸ್ಪ್ರೇ ಬಾಟಲಿ, ಹಳೇ ಬಟ್ಟೆ. ಅಷ್ಟೇ. ಸ್ಟೀಮ್ ಮೆಷಿನ್ ಎಲ್ಲಿ ಅಂತ ಕೇಳಿದೆ. "ಬೇರೆ ಕಡೆ ಕೆಲಸದಲ್ಲಿದೆ, ಇದೂ ಅದನ್ನೇ ಮಾಡುತ್ತೆ" ಅಂದರು.

ಇದು ಅದನ್ನು ಮಾಡಲ್ಲ. ಮನೆ ನಲ್ಲಿಗೆ ಹಾಕಿದ ಪೈಪಿನಲ್ಲಿ ಬರುವುದು ಕೆಲವೇ ಬಾರ್ ಒತ್ತಡ. ಸಣ್ಣ ಪ್ರೆಶರ್ ವಾಶರ್ ಕೂಡ 100 ಬಾರ್‌ನ ಆಸುಪಾಸಿನಲ್ಲಿ ನೀರು ಹೊಡೆಯುತ್ತೆ. ಅದನ್ನು ಗೇಣು ದೂರದಿಂದ ಕನೆಕ್ಟರ್ ಮೇಲೆ ಹಿಡಿದರೆ ರಬ್ಬರ್ ಸೀಲ್ ತಡೆಯುತ್ತಾ?

ಗಾಡಿ ಆಗಷ್ಟೇ ಹೊರಗಿಂದ ಬಂದಿತ್ತು. ಬಾನೆಟ್ ಎತ್ತಿದರೆ ಮುಖಕ್ಕೆ ಕಾವು ಹೊಡೆಯುತ್ತಿತ್ತು. ಬಿಸಿ ಇದೆ, ಸ್ವಲ್ಪ ಆರಲಿ ಅಂದೆ. "ಬಿಸಿ ಇದ್ದರೇ ಜಿಡ್ಡು ಬೇಗ ಬಿಡೋದು ಮೇಡಂ." ಉಗುರು ಬೆಚ್ಚಗಿದ್ದರೆ ಆ ಮಾತು ಒಪ್ಪಬಹುದು. ಕೈ ಇಡಲಾಗದಷ್ಟು ಸುಡುವ ಎಂಜಿನ್‌ಗೆ ಡಿಗ್ರೀಸರ್ ಹೊಡೆದರೆ ಅದು ಅಲ್ಲೇ ಒಣಗಿ ಕಲೆ ಕಟ್ಟುತ್ತೆ. ನನ್ನ ಗಾಡಿಯ ಅಲ್ಯುಮಿನಿಯಂ ಭಾಗಗಳ ಮೇಲೆ ಈಗಲೂ ಬಿಳಿ ಬಿಳಿ ಕಲೆ ಇದೆ. ಉಜ್ಜಿದರೂ ಹೋಗುತ್ತಿಲ್ಲ.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಲಿಲ್ಲ. ಫ್ಯೂಸ್ ಬಾಕ್ಸ್ ಮುಚ್ಚಲಿಲ್ಲ. ಏರ್ ಫಿಲ್ಟರ್‌ಗೆ ಗಾಳಿ ಹೋಗುವ ಬಾಯಿಯನ್ನೂ ಮುಚ್ಚಲಿಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚುವ ಮಾತೇ ಇಲ್ಲ. ಎಂಜಿನ್ ಮೇಲಿನ ಕವರ್ ಕಿತ್ತು ಪಕ್ಕಕ್ಕಿಟ್ಟು, ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳ ಮೇಲೆ ನೇರವಾಗಿ ನೀರು ಹೊಡೆದರು. ಕವರ್ ಹಾಕಲ್ವಾ ಅಂತ ಕೇಳಿದ್ದಕ್ಕೆ ನಕ್ಕರು. "ಮಳೆಯಲ್ಲಿ ಗಾಡಿ ಓಡಿಸಲ್ವಾ ಮೇಡಂ? ಎಲ್ಲಾ ಸೀಲ್ ಆಗಿರುತ್ತೆ." ಮಳೆ ಬಾನೆಟ್ ಮೇಲೆ ಬೀಳುತ್ತೆ ರೀ, ಬಾನೆಟ್ ತೆರೆದು ಕಾಯಿಲ್ ಸಂದಿಗೆ ಯಾವ ಮಳೆ ನುಗ್ಗುತ್ತೆ?

ಆಮೇಲೆ ಡ್ರೆಸ್ಸಿಂಗ್. ಕೈಯಲ್ಲಿ ಹಚ್ಚುವುದು ಬಿಟ್ಟು ಇಡೀ ಎಂಜಿನ್‌ಗೆ ಸುಮ್ನೆ ಸ್ಪ್ರೇ ಹೊಡೆದರು. ಫ್ಯಾನ್ ಬೆಲ್ಟ್ ಮೇಲೂ ಬಿತ್ತು. ಎಣ್ಣೆ ಎಣ್ಣೆ ಸಿಲಿಕೋನ್ ಬೆಲ್ಟ್‌ಗೆ ಬಿದ್ದರೆ ಅದು ಜಾರದೆ ಇನ್ನೇನು? ಸ್ಟಾರ್ಟ್ ಮಾಡಿ ತೋರಿಸಿದರು, ಒಂದು ನಿಮಿಷವೂ ಓಡಿಸಲಿಲ್ಲ, ಆಫ್ ಮಾಡಿದರು. ಫಳಫಳ ಹೊಳೆಯುತ್ತಿತ್ತು, ಒಪ್ಪುತ್ತೇನೆ. ಫೋಟೋ ತೆಗೆದುಕೊಂಡರು, ಹಣ ತೆಗೆದುಕೊಂಡರು, ಹೋದರು.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಡೀ ಗಾಡಿ ಗಡಗಡ ನಡುಗಿತು. ಬೆಲ್ಟ್ ಕಿರ್ರ್ ಅಂತ ಕಿರುಚುತ್ತಿತ್ತು. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡಿದರು. ಹಿಂದಿನ ದಿನ ತಾನೇ ಅವರೆಲ್ಲ "ಒಳ್ಳೇ ಹೊಸದರ ಹಾಗೆ ಆಗಿದೆ" ಅಂದಿದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಚೆಕ್ ಎಂಜಿನ್ ಲೈಟ್ ಬಂದು ನಿಲ್ಲಲಿಲ್ಲ, ಮಿನುಗುತ್ತಿತ್ತು. ಇದೊಂದು ನೆನಪಿಡಿ: ಆ ಲೈಟ್ ಮಿನುಗುತ್ತಿದ್ದರೆ ಮಿಸ್‌ಫೈರ್ ಜೋರಾಗಿದೆ, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗಬಹುದು. ಓಡಿಸಬೇಡಿ, ಆಫ್ ಮಾಡಿ.

ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದೆ. ಸ್ಕ್ಯಾನರ್ ಹಾಕಿದರೆ ಪಿ0302, ಪಿ0303 ಅಂತ ದೋಷದ ಕೋಡ್ ಬಂತು. ಎರಡನೇ ಮತ್ತು ಮೂರನೇ ಸಿಲಿಂಡರ್ ಮಿಸ್‌ಫೈರ್. ಕಾಯಿಲ್ ಎಳೆದು ಹೊರಗೆ ತೆಗೆದರು, ಅದರ ರಬ್ಬರ್ ಬೂಟ್‌ನಿಂದ ನೀರು ತೊಟ್ಟಿಕ್ಕಿತು. ಟಾರ್ಚ್ ಹಿಡಿದು "ನೋಡಿ ಅಕ್ಕ" ಅಂದರು. ಬಗ್ಗಿ ನೋಡಿದೆ. ಪ್ಲಗ್ ಕೂರುವ ಗುಂಡಿಯಲ್ಲಿ ಕೊಳಕು ನೀರು ನಿಂತಿದೆ. ಪ್ಲಗ್ಗೇ ಕಾಣುತ್ತಿಲ್ಲ. ಆ ನೀರಿಗೆ ಇನ್ನೂ ಡಿಗ್ರೀಸರ್ ವಾಸನೆ! ಒಂದು ತೊಟ್ಟೂ ಹೋಗಲ್ಲ ಅಂದಿದ್ದರಲ್ಲ, ಆ ಮಾತು ಕಿವಿಯಲ್ಲಿ ಹಾಗೇ ಕೇಳಿಸಿತು. ಮೈಯೆಲ್ಲ ಉರಿದುಹೋಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ.

ಮೆಕ್ಯಾನಿಕ್ ಮೊದಲು ಗಾಳಿ ಹೊಡೆದು ನೀರು ಪೂರ್ತಿ ತೆಗೆದರು, ಆಮೇಲೆ ಪ್ಲಗ್ ಬಿಚ್ಚಿದರು. ನೀರು ಇರುವಾಗಲೇ ಪ್ಲಗ್ ಬಿಚ್ಚಿದರೆ ಅದೆಲ್ಲ ಸಿಲಿಂಡರ್ ಒಳಗೇ ಇಳಿಯುತ್ತೆ. ಅವರಿಗೆ ಗೊತ್ತಿತ್ತು, ಪುಣ್ಯ. ಕಾಯಿಲ್ ಬದಲಾಯಿಸಬೇಕಾಯಿತು, ಪ್ಲಗ್ ಬದಲಾಯಿಸಬೇಕಾಯಿತು, ಬೆಲ್ಟ್ ಕೂಡ. ಏರ್ ಫಿಲ್ಟರ್ ಅಡಿಯಲ್ಲಿ ಒದ್ದೆ. ಕನೆಕ್ಟರ್ ಪಿನ್‌ಗಳಿಗೆ ಮುಂದೆ ಕಿಲುಬು ಹಿಡಿದರೆ ಬೇರೆ ತೊಂದರೆಯೂ ಬರಬಹುದು ಅಂತ ಹೇಳಿದ್ದಾರೆ. ಆ ಭಯ ಹಾಗೇ ಇದೆ.

ಇನ್ನು ಅವರ ಉತ್ತರ ಕೇಳಿ. ಫೋನ್ ಮಾಡಿದಾಗ ಮೊದಲು ಹೇಳಿದ್ದು: "ನೀರು ಬಿದ್ದರೆ ಏನೂ ಆಗಲ್ಲ ಮೇಡಂ, ಎಂಜಿನ್ ವಾಟರ್ ಪ್ರೂಫ್." ಮಧ್ಯಾಹ್ನ ಹೇಳಿದ್ದು: "ನಾವು ಅಲ್ಲಿ ನೀರೇ ಹಾಕಿಲ್ಲ." ಬೆಳಿಗ್ಗೆ ಏನೂ ಆಗಲ್ಲ ಅಂದ ನೀರು ಮಧ್ಯಾಹ್ನದ ಹೊತ್ತಿಗೆ ಹಾಕೇ ಇಲ್ಲ! ವಾಶರ್ ಹಿಡಿದವರ ಮುಂದೆ ನಾನೇ ನಿಂತಿದ್ದೆ. ಆಮೇಲೆ "ಹಳೇ ಗಾಡಿ, ಕಾಯಿಲ್ ಮೊದಲೇ ವೀಕ್ ಇತ್ತು, ಮೆಕ್ಯಾನಿಕ್ ನಿಮಗೆ ಟೋಪಿ ಹಾಕ್ತಿದ್ದಾನೆ" ಅಂದರು. ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೆ: "ನಿಮಗೆ ಇದೆಲ್ಲ ಅರ್ಥ ಆಗಲ್ಲ ಮೇಡಂ, ಮನೇಲಿ ಸರ್ ಇದ್ರೆ ಫೋನ್ ಕೊಡಿ." ಗಾಡಿ ನನ್ನದು. ಹಣ ಕೊಟ್ಟವಳು ನಾನು. ಕವರ್ ಹಾಕಲ್ವಾ ಅಂತ ಕೇಳಿದವಳೂ ನಾನೇ. ಯಾವ ಸರ್‌ಗೆ ಫೋನ್ ಕೊಡಬೇಕು?

ಅವರೇ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಕಾಯಿಲ್ ಸುತ್ತ ನೀರು ನಿಂತಿರುವುದು ಚೆನ್ನಾಗಿ ಕಾಣುತ್ತೆ. ಅದನ್ನೇ ವಾಪಸ್ ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಫೋಟೋ ಡಿಲೀಟ್ ಮಾಡಿದರು. ನನ್ನ ಹತ್ತಿರ ಸ್ಕ್ರೀನ್‌ಶಾಟ್ ಇದೆ.

ಕರೆಸಲೇಬೇಕು ಅಂದರೆ, ನೀರು ಹೊಡೆಯುವ ಮುಂಚೆ ಏನೇನು ಮುಚ್ಚುತ್ತೀರಿ ತೋರಿಸಿ ಅನ್ನಿ. ತೋರಿಸದಿದ್ದರೆ ಅಲ್ಲಿಂದಲೇ ಕಳಿಸಿ. ಕೆಲಸ ಆದಮೇಲೆ ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ ನೋಡಿ, ಆಮೇಲೆ ಹಣ ಕೊಡಿ. ಗಾಡಿ ಜೊತೆ ಬಂದ ಮ್ಯಾನುಯಲ್ ಓದಿ. ನನ್ನದರಲ್ಲಿ ಎಂಜಿನ್‌ಗೆ ಜೋರು ಒತ್ತಡದ ನೀರು ಹೊಡೆಯಬೇಡಿ ಅಂತಲೇ ಇದೆ. ಅದನ್ನು ತೋರಿಸಿದಾಗಲೂ ಅವರು "ಕಂಪನಿಯವರು ಹಾಗೇ ಬರೀತಾರೆ" ಅಂದರು. ನಿಜ ಹೇಳಬೇಕೆಂದರೆ ಆರಿದ ಎಂಜಿನ್, ಒದ್ದೆ ಬಟ್ಟೆ, ಒಂದು ಮೆತ್ತನೆ ಬ್ರಷ್, ಬಟ್ಟೆಗೆ ಹೊಡೆದುಕೊಂಡ ಸ್ವಲ್ಪ ಡಿಗ್ರೀಸರ್, ಮನೆಯಲ್ಲೇ ಮಾಡಿಕೊಳ್ಳಲು ಇಷ್ಟು ಸಾಕು. ಧೂಳಿನಿಂದ ಎಂಜಿನ್‌ಗೆ ಅಂಥ ತೊಂದರೆ ಏನಿಲ್ಲ. ಹೊಳೆಯುವ ಸ್ಪ್ರೇ ಅಂತೂ ಬೇಡವೇ ಬೇಡ. ಎಲ್ಲಾದರೂ ಆಯಿಲ್ ಸೋರುತ್ತಿದ್ದರೆ ಆ ಹೊಳಪಿನಲ್ಲಿ ಗೊತ್ತೇ ಆಗಲ್ಲ.

ನಿನ್ನೆ ಅವರಿಂದ ಮೆಸೇಜ್ ಬಂತು. ರಿವ್ಯೂ ತೆಗೆದರೆ ಇನ್ನೊಂದು ಸಲ ಫ್ರೀಯಾಗಿ ಎಂಜಿನ್ ತೊಳೆದುಕೊಡುತ್ತಾರಂತೆ. ಕಾಯಿಲ್, ಪ್ಲಗ್, ಬೆಲ್ಟಿನ ಬಿಲ್ ಕಳಿಸಿದ್ದೇನೆ. ಅದರ ಹಣ ಬರುವ ತನಕ ಒಂದಕ್ಷರವೂ ತೆಗೆಯುವುದಿಲ್ಲ.