ಬಳ್ಳಾರಿ ಬೆಂಗಳೂರು ರೋಡಿನ ಕ್ಯಾಸೆಟ್ ಅಂಗಡಿ: ದನಿ ಉಳಿಸಿಕೊಡ್ತಾರ, ಹೆಸರು ನೀವೇ ಬರ್ಕೋಬೇಕು

ಹಳೇ ಕ್ಯಾಸೆಟ್ ಪೆನ್‌ಡ್ರೈವ್‌ಗೆ ಹಾಕಿಕೊಡೋರು ಈಗ ಸಿಗೋದೇ ಕಮ್ಮಿ ಆಗೈತಿ, ಬೆಂಗಳೂರು ರೋಡ್ ಹಿಂದಿನ ಓಣಿಯಾಗ ಒಂದು ಸಣ್ಣ ರಿಪೇರಿ ಅಂಗಡಿ ಐತಿ, ನಮ್ಮ ಸೋದರಮಾವನ ಎರಡು ಕ್ಯಾಸೆಟ್ ಅಲ್ಲೇ ಕೊಟ್ಟಿದ್ದೆ. ಮಾವ ಯೂನಿಯನ್ ಮನುಷ್ಯ, ಹಂಗಾಗಿ ಒಂದರಾಗ ದುಡಿಯೋರ ಪರ ಹಾಡ್ತಿದ್ದ ಅಮೆರಿಕಾದ ಕರಿಯ ಹಾಡುಗಾರ ಪಾಲ್ ರೋಬ್ಸನ್, ಇನ್ನೊಂದರಾಗ ರೇಡಿಯೋದಿಂದ ಹಿಡಿದಿಟ್ಟ ಹಲಗಲಿ ಬೇಡರ ಲಾವಣಿ.

ಕ್ಯಾಸೆಟ್ಟಿಗೆ 150 ರೂಪಾಯಿ. ಟೇಪಿಗೆ ಬೂಷ್ಟು ಹಿಡಿದಿತ್ತು, ಅಂಗಡಿ ಅಣ್ಣ ಒರೆಸಿ, ಬೇರೆ ಡಬ್ಬಿಗೆ ಹಾಕಿ, ನನ್ನ ಮುಂದೇನೇ ಹಚ್ಚಿ ಕೇಳಿಸಿದ್ರು. ರೋಬ್ಸನ್ ದನಿ ಭಾಳ ದಪ್ಪ, ಕೆಲಸ ಕೆಟ್ರ ಮೊದ್ಲು ಹೋಗೋದೇ ಅದು. ಇಲ್ಲಿ ಕೆವಿನ್ ಬ್ಯಾರಿ ಹಾಡು ಒಂದೊಂದು ಮಾತೂ ಬಿಡಿಸಿ ಕೇಳ್ತೈತಿ.

ಕೆವಿನ್ ಬ್ಯಾರಿ ಯಾರು ಅಂದ್ರ, ಐರ್ಲೆಂಡ್ ಬ್ರಿಟಿಷರಿಂದ ಬಿಡುಗಡೆಗೆ ಹೋರಾಡ್ತಿದ್ದಾಗ ಅಲ್ಲಿನ ಡಬ್ಲಿನ್‌ನಾಗ ಡಾಕ್ಟರ್ ಓದ್ತಿದ್ದ 18ರ ಹುಡುಗ. 1920ರ ಸೆಪ್ಟೆಂಬರ್ 20, ಮಧ್ಯಾಹ್ನ ಅವನಿಗೆ ಪರೀಕ್ಷೆ ಇತ್ತು, ಬೆಳಿಗ್ಗೆ ಗೆಳೆಯರ ಜೋಡಿ ಬೇಕರಿ ಮುಂದೆ ನಿಂತ, ಬ್ರೆಡ್ ಒಯ್ಯಾಕ ಬರೋ ಬ್ರಿಟಿಷ್ ಸೈನಿಕರ ಬಂದೂಕು ಕಸಿಯಾಕ. ಗುಂಡು ಹಾರಿದ್ವು, ಇವನ ಪಿಸ್ತೂಲು ಜಾಮ್ ಆತು, ಲಾರಿ ಕೆಳಗ ಅಡಗಿದ, ಸಿಕ್ಕಿಬಿದ್ದ. ನವೆಂಬರ್ 1ಕ್ಕೆ ಮೌಂಟ್‌ಜಾಯ್ ಜೈಲಿನ್ಯಾಗ ಗಲ್ಲು. ಐರ್ಲೆಂಡಿನ 1916ರ ದಂಗೆಯವರನ್ನ ಕೊಂದ ಮ್ಯಾಲೆ ಬ್ರಿಟಿಷರು ಗಲ್ಲಿಗೇರಿಸಿದ ಮೊದ್ಲನೇ ಐರಿಶ್ ಬಂಡಾಯಗಾರ ಇವನೇ. ಜೊತೆಗಾರರ ಹೆಸರು ಹೇಳು ಅಂತ ಕೈ ತಿರುಚಿದ್ರೂ ಹೇಳಿಲ್ಲ. ಸತ್ತ ಸ್ವಲ್ಪ ದಿನಕ್ಕೇ ಹಾಡು ಹುಟ್ತು, ಬರೆದೋರು ಯಾರೋ ಯಾರಿಗೂ ಗೊತ್ತಿಲ್ಲ, ಧಾಟಿ ಮಾತ್ರ ಹಡಗಿನೋರ ಹಳೇ ಹಾಡಿಂದು.

ಆದ್ರ ಒಂದು ಮಾತು, ಅವತ್ತಿನ ಗುಂಡಿಗೆ ಮೂರು ಸೈನಿಕರೂ ಸತ್ರು, ಅವರೂ ಹೆಚ್ಚೂಕಡಿಮಿ ಅವನ ವಯಸ್ಸಿನ ಹುಡುಗರೇ, ಹಾಡಿನ್ಯಾಗ ಅವರ ಸುದ್ದಿನೇ ಇಲ್ಲ. ಹಾಡು ಹಂಗೇ ಬಿಡ್ರಿ, ತನ್ನವರನ್ನಷ್ಟೇ ಅಳ್ತೈತಿ. ನಮ್ಮ ಹಲಗಲಿ ಲಾವಣಿ ಹತ್ತನೇ ಕ್ಲಾಸಿನ್ಯಾಗ ಓದೀವಿ, ಅದೂ ಹತಾರದ್ದೇ ಜಗಳ: 1857ರಾಗ ಹತಾರ ಕೊಟ್ಟುಬಿಡ್ರಿ ಅಂತ ಕಂಪನಿ ಸರ್ಕಾರ ಅಂತು, ಬೇಡರು ಕೊಡಲಿಲ್ಲ, ಊರು ಸುಟ್ಟು 19 ಮಂದಿನ್ನ ಗಲ್ಲಿಗೇರಿಸಿದ್ರು. ಎರಡೂ ಒಂದರ ಹಿಂದೆ ಒಂದು ಕೇಳಿದ್ರ ಮಾವ ಯಾಕ ಜೋಡಿ ಇಟ್ಟಿದ್ದ ಅಂತ ಗೊತ್ತಾಗ್ತೈತಿ. ಬ್ಯಾರಿ ಗಲ್ಲಿಗೆ ಹೋಗಿದ್ದು ದೂರದ ಊರಾಗ, ಅವನ ಹಾಡು ಹಾಡಿದ್ದು ಗುಲಾಮಗಿರಿಯಿಂದ ಓಡಿಬಂದವನ ಮಗ ರೋಬ್ಸನ್, ಕೇಳ್ಕೊಂತ ಕುಂತಿದ್ದು ಬಳ್ಳಾರಿ ಬಿಸಿಲಿನ್ಯಾಗ ನಮ್ಮ ಮಾವ!

ಇನ್ನ ಕೊರತೆ. ಫೈಲಿಗೆಲ್ಲ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಅಂತ ಹಾಕ್ಯಾರ, ಯಾವ್ದು ಯಾವ್ದಂತ ಕುಂತು ಕೇಳೇ ಹುಡುಕಬೇಕು. ಲಾವಣಿದು ಗಿಜಿಗಿಜಿ ತೆಗಿತೀವಿ ಅಂತ ತೆಗೆದು ತೆಗೆದು ಡಪ್ಪಿನ ಸದ್ದನ್ನೂ ಅರ್ಧ ನುಂಗಿಬಿಟ್ಟಾರ, ಕ್ಲೀನ್ ಮಾಡ್ಬ್ಯಾಡ್ರಿ ಇದ್ದಂಗೇ ಕೊಡ್ರಿ ಅಂತ ಮೊದ್ಲೇ ಹೇಳ್ರಿ, ಹೇಳಿದ್ಮ್ಯಾಲೆ ಎರಡನೇ ಸಲ ರೊಕ್ಕ ತಗೊಳ್ಳದೇ ಮಾಡಿಕೊಟ್ರು. ನಾಲ್ಕು ಸ್ಟಾರ್. ಮಧ್ಯಾಹ್ನ ಬಾಗಲಾ ಹಾಕಿರ್ತಾರ, ಸಂಜಿ ಐದರ ಮ್ಯಾಲೆ ಹೋಗ್ರಿ, ಫೋನ್‌ಪೇ ನಡಿತೈತಿ.