ಪರೀಕ್ಷಿಸದೆ ಹೇಳಿಕೊಟ್ಟ ವ್ಯಾಯಾಮ: ಮೂತ್ರ ಸೋರಿಕೆಗೆ ಚಿಕಿತ್ಸೆ ಹುಡುಕುತ್ತಿರುವವರಿಗೆ ಎಚ್ಚರಿಕೆ

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಮೂತ್ರ ಸೋರುವ ತೊಂದರೆಗೆ ಚಿಕಿತ್ಸೆ ಪಡೆಯಲು ಹೋಗಿ ನಾನು ಎರಡೂವರೆ ತಿಂಗಳನ್ನೂ 18,000 ರೂಪಾಯಿಗಳನ್ನೂ ಕಳೆದುಕೊಂಡೆ. ಹಣ ಹೋದದ್ದಕ್ಕಿಂತ ಹೆಚ್ಚು ನೋವಾದದ್ದು, ಚಿಕಿತ್ಸೆ ಮುಗಿಯುವ ಹೊತ್ತಿಗೆ ನನ್ನ ಸ್ಥಿತಿ ಮೊದಲಿಗಿಂತ ಕೆಟ್ಟಿತ್ತು ಎಂಬುದಕ್ಕೆ. ಈ ತೊಂದರೆಯನ್ನು ಹೆಣ್ಣುಮಕ್ಕಳು ಒಡಹುಟ್ಟಿದವರ ಮುಂದೆಯೂ ಬಾಯಿ ಬಿಟ್ಟು ಹೇಳುವುದಿಲ್ಲವಾದ್ದರಿಂದ, ತಪ್ಪು ಜಾಗಕ್ಕೆ ಹೋಗಿ ಬಂದವರು ಇನ್ನೊಬ್ಬರನ್ನು ಎಚ್ಚರಿಸುವುದೂ ಇಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆಯ ನವನಗರದಲ್ಲಿ ವಾಸವಾಗಿರುವ ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು 43. ಎರಡೂ ಹೆರಿಗೆ ಸಹಜವಾಗಿಯೇ ಆದವು, ಆದರೆ ಎರಡನೆಯದರಲ್ಲಿ ಮಗು ದೊಡ್ಡದಿದ್ದುದರಿಂದ ಚಿಮಟ ಹಾಕಿ ತೆಗೆಯಬೇಕಾಯಿತು. ಅಂದಿನಿಂದಲೇ ಜೋರಾಗಿ ಸೀನಿದರೆ ಒಂದೆರಡು ಹನಿ ಸೋರುತ್ತಿತ್ತು. ಬಾಣಂತನದಲ್ಲಿ ಅತ್ತೆಯವರು "ಎಲ್ಲಾರಿಗೂ ಹಂಗ ಆಕ್ಕೈತಿ, ತಾನ ಹೋಕ್ಕೈತಿ" ಎಂದಿದ್ದರು. ನಾನೂ ಹಾಗೆಯೇ ನಂಬಿ ಹತ್ತು ವರ್ಷ ಕಳೆದೆ. ಸುಣ್ಣದಕಡ್ಡಿಯ ಪುಡಿಗೆ ಸೀನು ಬಂದರೆ ಮೇಜಿನ ಹಿಂದೆ ಹೋಗಿ ಕಾಲು ಬಿಗಿಹಿಡಿದು ನಿಲ್ಲುವುದು, ಗಾಢ ಬಣ್ಣದ ಸೀರೆಗಳನ್ನೇ ಉಡುವುದು, ಶಾಲೆಯ ಶೌಚಾಲಯದ ಸ್ಥಿತಿ ನೋಡಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಕುಡಿಯದಿರುವುದು ನನಗೆ ರೂಢಿಯಾಗಿಬಿಟ್ಟಿದ್ದವು. ಕಳೆದ ವರ್ಷ ಚಳಿಗಾಲದಲ್ಲಿ ಒಂದು ತಿಂಗಳು ಕೆಮ್ಮು ಹಿಡಿದಾಗ ಹನಿ ಹೋಗಿ ಹರಿವೇ ಆಯಿತು. ಆಗ ಮೊದಲ ಬಾರಿಗೆ ಚಿಕಿತ್ಸೆಗೆ ಹೋಗಬೇಕೆಂದು ನಿರ್ಧರಿಸಿದೆ.

ಪರಿಚಯದವರೊಬ್ಬರು ನಮ್ಮ ಜಿಲ್ಲೆಯದೇ ಒಂದು ಪಟ್ಟಣದಲ್ಲಿರುವ ಕೇಂದ್ರದ ವಿಳಾಸ ಕೊಟ್ಟರು. ಆ ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಳಗೆ ಹೋದ ಹತ್ತೇ ನಿಮಿಷದಲ್ಲಿ ನನ್ನ ಚಿಕಿತ್ಸೆ ತೀರ್ಮಾನವಾಗಿತ್ತು. ಅಲ್ಲಿದ್ದವರು ನನ್ನ ಹೆರಿಗೆಗಳ ಬಗ್ಗೆ ಕೇಳಲಿಲ್ಲ, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ ಎಂದು ಕೇಳಲಿಲ್ಲ, ಸಕ್ಕರೆ ಕಾಯಿಲೆ ಇದೆಯೇ, ಮಲಬದ್ಧತೆ ಇದೆಯೇ ಎಂದೂ ಕೇಳಲಿಲ್ಲ. ಮೂತ್ರ ಪರೀಕ್ಷೆಯ ಮಾತಂತೂ ಬರಲೇ ಇಲ್ಲ. "ಅಕ್ಕಾರ, ಇಪ್ಪತ್ನಾಲ್ಕು ಸಿಟ್ಟಿಂಗ್ ತಗೊಳ್ರಿ, ಪೂರ್ತಿ ನಿಂತ ಬಿಡ್ತೈತಿ" ಎಂದರು. ಹಣವನ್ನೆಲ್ಲ ಮುಂಗಡವಾಗಿ ಕಟ್ಟಿಸಿಕೊಂಡರು; ಕೊಟ್ಟದ್ದು ಒಂದು ಬಿಳಿ ಚೀಟಿಯ ಮೇಲೆ ಬರೆದ ಮೊತ್ತ ಮಾತ್ರ. ಪ್ರತಿ ಬಾರಿಯೂ ಹೊಟ್ಟೆಯ ಕೆಳಭಾಗಕ್ಕೆ ನಾಲ್ಕು ಅಂಟುಪಟ್ಟಿ ಹಚ್ಚಿ, ಇಪ್ಪತ್ತು ನಿಮಿಷ ಕರೆಂಟಿನ ಯಂತ್ರ ಹಾಕಿ, ಪರದೆ ಎಳೆದು ಹೋಗಿಬಿಡುತ್ತಿದ್ದರು.

ಮನೆಯಲ್ಲಿ ಮಾಡಲು ಹೇಳಿದ್ದು ಎರಡು ಮಾತು. ಮೂತ್ರಕ್ಕೆ ಕುಳಿತಾಗಲೆಲ್ಲ ನಡುವೆ ತಡೆದು ತಡೆದು ಬಿಡಬೇಕು, ಮಿಕ್ಕ ಹೊತ್ತಿನಲ್ಲಿ ದಿನಕ್ಕೆ ಮುನ್ನೂರು ಸಲ "ಕೆಗಲ್" ಎಂಬ ವ್ಯಾಯಾಮ ಮಾಡಬೇಕು. ಕೆಗಲ್ ಎಂದರೆ ಹೇಗೆ ಎಂದು ಕೇಳಿದಾಗ ಬಂದ ಉತ್ತರ "ಬಿಗಿ ಹಿಡೀರಿ, ಬಿಡ್ರಿ, ಅಷ್ಟ" ಎಂಬುದು. ಪಾಠದ ನಡುವೆ, ರೊಟ್ಟಿ ಬಡಿಯುವಾಗ, ಮಲಗುವ ಮುನ್ನ ನಾನು ಶ್ರದ್ಧೆಯಿಂದ ಎಣಿಸಿ ಮಾಡಿದೆ. ನೀರು ಕಡಿಮೆ ಮಾಡಿರಿ ಎಂದಾಗ ಅದನ್ನೂ ಪಾಲಿಸಿದೆ.

ಆರನೆಯ ವಾರಕ್ಕೆ ಕಿಬ್ಬೊಟ್ಟೆಯಲ್ಲಿ ಭಾರ, ಬೆನ್ನೆಲುಬಿನ ತುದಿಯಲ್ಲಿ ನೋವು ಶುರುವಾದವು. ಮೂತ್ರಕ್ಕೆ ಕುಳಿತರೆ ಹನಿ ಇಳಿಯಲು ಒಂದು ನಿಮಿಷ ಬೇಕಾಗುತ್ತಿತ್ತು, ಎದ್ದು ಬಂದ ಅರ್ಧ ಗಂಟೆಗೆ ಮತ್ತೆ ಓಡಬೇಕಾಗುತ್ತಿತ್ತು. ಮೊದಲು ಕೆಮ್ಮಿದರೆ ಮಾತ್ರ ಸೋರುತ್ತಿದ್ದದ್ದು ಈಗ ಬಾಗಿಲಿನ ಬೀಗ ತೆಗೆಯುವಷ್ಟರಲ್ಲೇ ಆಗಿಹೋಗುತ್ತಿತ್ತು. ಕೇಂದ್ರದಲ್ಲಿ ಹೇಳಿದರೆ "ಇನ್ನೂ ಜಾಸ್ತಿ ಮಾಡ್ರಿ, ನರ ಸಡ್ಲ ಅದಾವು" ಎಂದರು. ಹತ್ತನೆಯ ವಾರದಲ್ಲಿ ಉರಿ ಮೂತ್ರ, ಚಳಿ ಜ್ವರ ಬಂತು. ಸ್ತ್ರೀರೋಗ ತಜ್ಞರ ಬಳಿ ಹೋದಾಗ ಪರೀಕ್ಷೆಯಲ್ಲಿ ಸೋಂಕು ತಿಳಿಯಿತು. ಅವರು ಔಷಧ ಕೊಟ್ಟು, ಸೋಂಕು ವಾಸಿಯಾದ ಮೇಲೆ ಬೆಳಗಾವಿಯಲ್ಲಿ ಈ ವಿಷಯದಲ್ಲೇ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಾಣಲು ಬರೆದುಕೊಟ್ಟರು.

ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿ ಮುಟ್ಟುವ ಬಸ್ಸಿನ ಪ್ರಯಾಣವೇ ಆಗ ನನಗೆ ದೊಡ್ಡ ಭಯವಾಗಿತ್ತು. ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡೇ ಹೊರಟೆ. ಅಲ್ಲಿ ಮೊದಲ ಭೇಟಿ ಒಂದು ಗಂಟೆ ನಡೆಯಿತು. ಮುಕ್ಕಾಲು ಗಂಟೆ ಬರೀ ಪ್ರಶ್ನೆಗಳು. ಪ್ಲಾಸ್ಟಿಕ್ಕಿನ ಸೊಂಟದೆಲುಬಿನ ಮಾದರಿಯೊಂದನ್ನು ನನ್ನ ಕೈಗೆ ಕೊಟ್ಟು, ಮುಂದಿನ ಎಲುಬಿನಿಂದ ಹಿಂದೆ ಬಾಲದೆಲುಬಿನವರೆಗೆ ಜೋಳಿಗೆಯ ಹಾಗೆ ಹರಡಿರುವ ಸ್ನಾಯುಗಳು ಮೂತ್ರಚೀಲ, ಗರ್ಭಕೋಶ, ಗುದನಾಳಗಳನ್ನು ಹೇಗೆ ಹೊತ್ತಿವೆ ಎಂದು ತೋರಿಸಿದರು. ಆ ಮೇಲೆ, ಒಳಪರೀಕ್ಷೆ ಏಕೆ ಬೇಕು, ಹೇಗೆ ಮಾಡುತ್ತಾರೆ, ಬೇಡವೆನಿಸಿದರೆ ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು ಎಂದು ವಿವರಿಸಿ, ನನ್ನ ಒಪ್ಪಿಗೆ ಕೇಳಿದರು. ಬಾಗಿಲು ಹಾಕಿದ ಕೋಣೆ, ಹೊದಿಕೆ, ಕೈಗವಸು, ಜೊತೆಯಲ್ಲಿ ಒಬ್ಬ ನರ್ಸ್ ಇದ್ದರು.

ಒಂದು ಬೆರಳಿನಿಂದ ಪರೀಕ್ಷಿಸುತ್ತ "ಈಗ ಬಿಗಿ ಹಿಡೀರಿ" ಎಂದರು. ಎರಡೂವರೆ ತಿಂಗಳು ಕಲಿತದ್ದನ್ನು ನಾನು ಪೂರ್ತಿ ಬಲ ಹಾಕಿ ಮಾಡಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾರ, ನಾ ಮ್ಯಾಲ ಎತ್ತರಿ ಅಂದ್ರ ನೀವು ಕೆಳಗ ತಳ್ಳಾಕತ್ತೀರಿ" ಎಂದರು. ಮಲವಿಸರ್ಜನೆಗೆ ಮುಕ್ಕುವ ಹಾಗೆ, ಉಸಿರು ಕಟ್ಟಿ, ಹೊಟ್ಟೆ ಬಿಗಿದು, ದಿನಕ್ಕೆ ಮುನ್ನೂರು ಸಲ ನಾನು ಆ ಜೋಳಿಗೆಯನ್ನು ಕೆಳಕ್ಕೆ ತಳ್ಳುತ್ತಿದ್ದೆ. ಅದರ ಜೊತೆಗೆ ಆ ಸ್ನಾಯುಗಳು ಬಿಗಿದುಕೊಂಡು ಸಡಿಲವಾಗುವುದನ್ನೇ ಮರೆತಿದ್ದವು. ಒಂದು ಕಡೆ ಮುಟ್ಟಿದರೆ ಬಾಲದೆಲುಬಿನ ಅದೇ ನೋವು ಎದ್ದು ಬಂತು. ಅಂದು ಆ ಮಂಚದ ಮೇಲೆ ನಾನು ಅತ್ತುಬಿಟ್ಟೆ.

ಅವರು ಹೇಳಿದ ಒಂದು ಸಂಗತಿ ಎಲ್ಲರಿಗೂ ತಿಳಿದಿರಬೇಕು. 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 47 ಮಹಿಳೆಯರಿಗೆ ಈ ವ್ಯಾಯಾಮವನ್ನು ಬರೀ ಮಾತಿನಲ್ಲಿ ಹೇಳಿಕೊಟ್ಟು ನೋಡಿದಾಗ, ಸರಿಯಾಗಿ ಮಾಡಿದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಕಾಲು ಭಾಗ ಮಂದಿ ಸೋರಿಕೆಯನ್ನೇ ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡುತ್ತಿದ್ದರು. ಈ ವ್ಯಾಯಾಮಕ್ಕೆ ಯಾರ ಹೆಸರಿದೆಯೋ ಆ ಆರ್ನಾಲ್ಡ್ ಕೆಗಲ್ ಎಂಬ ಅಮೆರಿಕದ ವೈದ್ಯರು ಕೂಡ 1948ರಲ್ಲಿ ಇದನ್ನು ಬರೆದಾಗ ಬಾಯಿಮಾತಿಗೆ ಬಿಟ್ಟಿರಲಿಲ್ಲ. ಸ್ನಾಯು ಎಷ್ಟು ಬಿಗಿಯುತ್ತಿದೆ ಎಂದು ಮಹಿಳೆ ತಾನೇ ನೋಡಿಕೊಳ್ಳುವಂತೆ ಒತ್ತಡ ತೋರಿಸುವ ಉಪಕರಣವೊಂದನ್ನು ಬಳಸುತ್ತಿದ್ದರು. ನನಗೆ ವ್ಯಾಯಾಮದ ಹೆಸರು ಮಾತ್ರ ಸಿಕ್ಕಿತ್ತು, ನೋಡಿ ತಿದ್ದುವವರು ಸಿಕ್ಕಿರಲಿಲ್ಲ.

ಮುಂದಿನ ಚಿಕಿತ್ಸೆ ನಾನು ಎಣಿಸಿದ್ದಕ್ಕೆ ತೀರ ಬೇರೆಯಾಗಿತ್ತು. ಮೊದಲ ಐದು ವಾರ ಬಿಗಿಹಿಡಿಯುವ ವ್ಯಾಯಾಮವನ್ನು ಪೂರ್ತಿ ನಿಲ್ಲಿಸಿದರು. ಮಂಡಿ ಮಡಿಸಿ ಮಲಗಿ, ಹೊಟ್ಟೆಯಿಂದ ನಿಧಾನವಾಗಿ ಉಸಿರೆಳೆದುಕೊಳ್ಳುವಾಗ ಕೆಳಗಿನ ಸ್ನಾಯು ಇಳಿಯುವುದನ್ನೂ, ಉಸಿರು ಬಿಡುವಾಗ ತಾನಾಗಿ ಮೇಲೇರುವುದನ್ನೂ ಗಮನಿಸುವುದಷ್ಟೇ ಕೆಲಸ. ಮೂತ್ರವನ್ನು ನಡುವೆ ತಡೆಯುವುದನ್ನು ಅಂದೇ ಬಿಡಿಸಿದರು. ಹಾಗೆ ಪದೇ ಪದೇ ಮಾಡಿದರೆ ಮೂತ್ರಚೀಲ ಪೂರ್ತಿ ಖಾಲಿಯಾಗದೆ ಉಳಿದು, ಸೋಂಕಿಗೆ ದಾರಿಯಾಗಬಹುದು. ನೀರು ಕಡಿಮೆ ಕುಡಿಯುವುದರಿಂದಲೂ ಕೆಡುಕೇ ಆಗಿತ್ತು. ಮೂತ್ರ ಗಟ್ಟಿಯಾದಷ್ಟೂ ಚೀಲವನ್ನು ಕೆರಳಿಸುತ್ತದೆ, ಮಲವೂ ಗಟ್ಟಿಯಾಗಿ ಮುಕ್ಕಬೇಕಾಗುತ್ತದೆ, ಆ ಒತ್ತಡವೂ ಇದೇ ಸ್ನಾಯುಗಳ ಮೇಲೆ ಬೀಳುತ್ತದೆ.

ಮೂರು ದಿನದ ಲೆಕ್ಕ ಬರೆದು ತರಲು ಹೇಳಿದ್ದರು. ಬಚ್ಚಲಲ್ಲಿ ಗೆರೆ ಹಾಕಿದ ಪ್ಲಾಸ್ಟಿಕ್ ಅಳತೆ ಲೋಟ ಇಟ್ಟುಕೊಂಡು, ಕುಡಿದದ್ದು ಎಷ್ಟು, ಹೋದದ್ದು ಎಷ್ಟು, ಸೋರಿದ್ದು ಯಾವಾಗ ಎಂದು ಹಾಜರಿ ಪುಸ್ತಕದ ಹಾಗೆ ಬರೆದೆ. ದಿನಕ್ಕೆ 15 ಸಲ, ಒಂದೊಂದು ಸಲಕ್ಕೆ 80 ಅಥವಾ 90 ಮಿಲಿಲೀಟರ್. ವಯಸ್ಕರ ಮೂತ್ರಚೀಲ ಸಾಮಾನ್ಯವಾಗಿ 400 ಮಿಲಿಲೀಟರಿನಷ್ಟು ಹಿಡಿಯಬಲ್ಲದು ಎಂದು ತಿಳಿದಾಗ, ನನ್ನ ಚೀಲ ಕಾಲು ಭಾಗ ತುಂಬುವ ಮೊದಲೇ ಗಾಬರಿಗೊಳ್ಳುತ್ತಿದೆ ಎಂಬುದು ಆ ಹಾಳೆಯಲ್ಲೇ ಕಾಣಿಸಿತು. ಗಂಟೆಗೊಮ್ಮೆ ಹೋಗುವುದರಿಂದ ಶುರುಮಾಡಿ, ಕೆಲವು ದಿನಗಳಿಗೊಮ್ಮೆ ಹದಿನೈದು ನಿಮಿಷ ಮುಂದೂಡುತ್ತ, ಎರಡು ತಿಂಗಳಲ್ಲಿ ಮೂರು ಗಂಟೆಗೆ ಬಂದೆ.

ಬಲ ತುಂಬುವ ವ್ಯಾಯಾಮ ಆರಂಭವಾದದ್ದು ಆಮೇಲೆ. ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ ಎಂಟು ಸಲ, ಬಿಗಿ ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡುವುದು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಕನಿಷ್ಠ ಇಷ್ಟನ್ನೇ, ಅದೂ ತಿಳಿದವರ ಮೇಲ್ವಿಚಾರಣೆಯಲ್ಲಿ ಕನಿಷ್ಠ ಮೂರು ತಿಂಗಳು ಮಾಡಬೇಕೆಂದು ಹೇಳುತ್ತದೆ. ಮುನ್ನೂರು ಎಂಬ ಸಂಖ್ಯೆ ಎಲ್ಲಿಂದ ಬಂತೋ ಆ ಕೇಂದ್ರದವರೇ ಹೇಳಬೇಕು. ಕೆಮ್ಮು ಬರುವ ಮುನ್ನವೇ ಸ್ನಾಯುವನ್ನು ಮೇಲೆತ್ತಿ ಹಿಡಿಯುವುದನ್ನೂ ಕಲಿಸಿದರು. ಕನ್ನಡಿ ಹಿಡಿದು ನೋಡಿದರೆ ಆ ಭಾಗ ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳಬೇಕು. ಹೊರಕ್ಕೆ ಉಬ್ಬಿದರೆ ತಳ್ಳುತ್ತಿದ್ದೀರಿ ಎಂದರ್ಥ. ತೊಡೆ, ಕುಂಡೆ ಬಿಗಿಯಬಾರದು, ಉಸಿರು ನಿಲ್ಲಬಾರದು.

ಕರೆಂಟಿನ ಚಿಕಿತ್ಸೆಯೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸ್ವಂತವಾಗಿ ಸ್ನಾಯುವನ್ನು ಬಿಗಿಯಲು ಬಾರದವರಿಗೆ ಅದನ್ನು ಬಳಸುವುದುಂಟು. ಆದರೆ ಯಾರಿಗೆ ಬೇಕು ಎಂಬುದು ಪರೀಕ್ಷೆಯಿಂದ ತಿಳಿಯಬೇಕು. ಗರ್ಭಿಣಿಯೇ, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಕೂಡ ಕೇಳದೆ ಯಂತ್ರ ಹಚ್ಚುವುದು ಅಪಾಯ. ನನ್ನನ್ನು ಆ ಎರಡನ್ನೂ ಕೇಳಿರಲಿಲ್ಲ.

ಆದ್ದರಿಂದ ಎಲ್ಲಿಗೇ ಹೋದರೂ ಹಣ ಕಟ್ಟುವ ಮುನ್ನ ಕೇಳಿರಿ: ಚಿಕಿತ್ಸೆ ಕೊಡುವವರು ಫಿಸಿಯೋಥೆರಪಿಯ ಪದವಿಗಳಾದ ಬಿ.ಪಿ.ಟಿ. ಅಥವಾ ಎಂ.ಪಿ.ಟಿ. ಓದಿದ್ದಾರೆಯೇ, ಪೆಲ್ವಿಕ್ ಫ್ಲೋರ್ (ಜೋಳಿಗೆಯಂತಿರುವ ಆ ಸ್ನಾಯುಗಳ) ವಿಷಯದಲ್ಲಿ ತರಬೇತಿ ಇದೆಯೇ, ನನ್ನ ಸ್ನಾಯುವನ್ನು ಪರೀಕ್ಷಿಸುತ್ತೀರಾ, ಎಷ್ಟು ವಾರಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತೀರಿ. ಒಳಪರೀಕ್ಷೆ ಬೇಡವೆನಿಸಿದವರಿಗೆ ಹೊರಗಿನಿಂದ ನೋಡುವ ಅಥವಾ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿ ನೋಡುವ ವಿಧಾನಗಳಿವೆ. ಸಂಕೋಚವನ್ನು ಹೇಳಿಕೊಂಡರೆ ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಮುದ್ರಿತ ರಸೀದಿ ಪಡೆಯಿರಿ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ 2007ರ ಕಾಯಿದೆ ಇದೆ. ನೋಂದಣಿ ಪತ್ರ ಗೋಡೆಯ ಮೇಲಿದೆಯೇ ಎಂದು ನೋಡಿರಿ. ನಾನು ನೋಡಿರಲಿಲ್ಲ. ಬಿಳಿ ಚೀಟಿ ಹಿಡಿದು ಹಣ ಕೇಳಲು ಹೋದಾಗ, ಸಿಟ್ಟಿಂಗ್ ಮುಗಿದಿವೆ ಎಂದು ವಾಪಸು ಕಳಿಸಿದರು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ.

ಮೂತ್ರದಲ್ಲಿ ರಕ್ತ ಕಂಡರೆ, ಜ್ವರದೊಂದಿಗೆ ಉರಿ ಇದ್ದರೆ, ಕೆಳಗೆ ಗಡ್ಡೆಯಂತೆ ಜಾರಿದ ಅನುಭವವಾದರೆ ವ್ಯಾಯಾಮ ಹುಡುಕದೆ ಮೊದಲು ವೈದ್ಯರನ್ನು ಕಾಣಿರಿ. ಇದ್ದಕ್ಕಿದ್ದಂತೆ ಮೂತ್ರ ಕಟ್ಟಿದರೆ, ಅಥವಾ ಬೆನ್ನುನೋವಿನ ಜೊತೆ ತೊಡೆಸಂದಿ, ಕುಂಡೆಯ ಭಾಗ ಜೋಮು ಹಿಡಿದರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿರಿ.

ನನಗೆ ಬೆಳಗಾವಿಯ ಚಿಕಿತ್ಸೆ ಶುರುವಾಗಿ ಆರು ತಿಂಗಳಾಯಿತು. ಬಾಲದೆಲುಬಿನ ನೋವು ಹೋಗಿದೆ, ದಿನಕ್ಕೆ ಏಳು ಸಲ ಹೋಗುತ್ತೇನೆ, ನೀರಿನ ಬಾಟಲಿ ತರಗತಿಯ ಮೇಜಿನ ಮೇಲೆಯೇ ಇರುತ್ತದೆ. ನೆಗಡಿ ಬಂದ ವಾರ ಎರಡು ಸಲ ಸೋರಿತ್ತು. ಅದನ್ನೂ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಮುಂದಿನ ಭೇಟಿಯಲ್ಲಿ ತೋರಿಸಬೇಕು.